ಕಾಪಿಟ್ಟ ಕಂಠ

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಮಗ್ಗುಲಲ್ಲಿರುವ ಆರ್ಲಿಂಗ್ಟನ್ನಿನಲ್ಲಿ, ಮಗಳ ಮನೆಯಲ್ಲಿದ್ದಾಗ, ನೆರೆಮನೆಯ ಸದ್ಗೃಹಸ್ಥರು ಒಂದು ಧ್ವನಿಮುದ್ರಿಕೆ ಕೇಳಿಸಿದರು. ಗಿಟಾರಿನ ಆರ್ಭಟ, ಗಂಟಲು ಬಿರಿಯುವ ಕೂಗು. ನನಗದು ಬರಿಯ ಗದ್ದಲವೆನಿಸಿತು. ಆದರೆ ಅವರ ಕಣ್ಣಾಲಿಗಳು ತೇವಗೊಂಡಿದ್ದವು.

ಆ ನಗರದ ತರುಣರು 1980ರ ದಶಕದಲ್ಲಿ ಬೆಳೆಸಿದ ‘ಪೋಸ್ಟ್ ಹಾರ್ಡ್‌ಕೋರ್’ ಸಂಗೀತವದು. ಹಾಡಿದ ತಂಡ ‘ಒನ್ ಲಾಸ್ಟ್ ವಿಶ್’. 1986ರಲ್ಲಿ ಕೂಡಿದ ನಾಲ್ವರು ವರ್ಷ ತುಂಬುವ ಮೊದಲೇ ಚದುರಿದರು. ಅವರಲ್ಲಿಬ್ಬರು, ಗೈ ಪಿಚಿಯೊಟ್ಟೊ ಮತ್ತು ಬ್ರೆಂಡನ್ ಕ್ಯಾಂಟಿ, ಮುಂದೆ ‘ಫುಗಾಝಿ’ ತಂಡದಿಂದ ಖ್ಯಾತರಾದರು. ಮೊದಲಿನ ತಂಡ ಮಾತ್ರ ಮರೆಗೆ ಸರಿಯಿತು. ಅಂದು ಧ್ವನಿಮುದ್ರಿಸಿದ ಹಾಡುಗಳನ್ನು ಡಿಸ್ಕಾರ್ಡ್ ಸಂಸ್ಥೆ ಹೊರತಂದದ್ದು 1999ರಲ್ಲಿ. ಹದಿಮೂರು ವರ್ಷ ಅವನ್ನು ಯಾರೋ ಜೋಪಾನ ಮಾಡಿದ್ದರು. “ತಂಡ ಹೋದರೂ ನಾವು ಮರೆಯಲಿಲ್ಲ” ಎಂದರು ನೆರೆಯವರು.

ನನಗೆ ಫ.ಗು. ಹಳಕಟ್ಟಿಯವರು ನೆನಪಾದರು. ಓಲೆಗರಿಗಳನ್ನು ಅರಸಿ ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ನಮ್ಮ ಕೈಗಿತ್ತ ಪುಣ್ಯಾತ್ಮರವರು. ಶರಣರ ವಚನಕ್ಕೂ ಈ ಕೂಗಿಗೂ ಹೋಲಿಕೆಯಿಲ್ಲ, ನಿಜ. ಕಾಪಿಡುವವರ ನಿಷ್ಠೆ ಮಾತ್ರ ಎಲ್ಲೆಡೆಯೂ ಒಂದೇ.

ಆ ನಿಷ್ಠೆ ನನ್ನಲ್ಲಿರಲಿಲ್ಲ. ನನ್ನ ತಂದೆಯವರು ನಮ್ಮೂರ ಭಜನಾಮೇಳದಲ್ಲಿ ನಲವತ್ತು ವರ್ಷ ವಚನ ಹಾಡಿದರು. ಮನೆಯಲ್ಲಿ ಟೇಪ್‌ರೆಕಾರ್ಡರ್ ಇತ್ತು. ಸಿನಿಮಾ ಹಾಡು ಕೇಳಲು ಬಳಸಿದೆನೇ ಹೊರತು, ಒಂದು ಸಂಜೆಯೂ ಅದನ್ನು ಅವರ ಮುಂದಿಡಲಿಲ್ಲ. ಇಂದು ಆ ಕಂಠವಿಲ್ಲ.

ಬಂಧುಗಳೇ, ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಈ ಸೋಮವಾರವೇ ಅವರ ಬಳಿ ಕುಳಿತುಕೊಳ್ಳಿರಿ. ಕೇಳಿರಿ, ಕಾಪಿಡಿರಿ.