ಅಧಮರ್ಣನ ಅನ್ನ

ಸಂಸ್ಕೃತದಲ್ಲಿ ಸಾಲ ಕೊಟ್ಟವನಿಗೆ ಉತ್ತಮರ್ಣನೆಂದೂ ಸಾಲ ತಂದವನಿಗೆ ಅಧಮರ್ಣನೆಂದೂ ಹೆಸರು. ಮೂವತ್ತು ವರ್ಷಗಳಿಗೂ ಮಿಕ್ಕು ಈ ಎರಡು ಸಮಾಸಗಳನ್ನು ಬಿಡಿಸಿ ಮಕ್ಕಳಿಗೆ ಹೇಳಿಕೊಟ್ಟಿರುವೆವು. ಋಣದ ವಿಷಯದಲ್ಲಿ ಮೇಲಿರುವವನು, ಕೆಳಗಿರುವವನು ಎಂದಷ್ಟೇ ಅವುಗಳ ಅರ್ಥ. ಗುಣದ ಪ್ರಸ್ತಾಪವೇ ಅಲ್ಲಿಲ್ಲ. ಆದರೆ ಲೋಕದ ಕಿವಿಗೆ ಕೇಳಿಸುವುದು 'ಅಧಮ' ಎಂಬುದೊಂದೇ. ದಿವಾಳಿಯೆಂಬ ಮಾತನ್ನಂತೂ ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳ ಮುಂದೆ ಉಚ್ಚರಿಸುವುದಿಲ್ಲ. ಹೀಗಿದ್ದರೂ ಗೃಹಸ್ಥರು ಓದತಕ್ಕ ಈ ಪತ್ರಿಕೆಯಲ್ಲಿ ಆ ಮಾತನ್ನೆತ್ತಲು ಕಾರಣವುಂಟು. ನಮ್ಮ ನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ಸಂಸಾರ ಹೂಡಿರುವರು. ಅವರ ಸಂಬಳ, ಮನೆ, ಕಾರುಗಳ ಸುದ್ದಿ ನಮಗೆ ತಪ್ಪದೆ ತಲಪುತ್ತದೆ. ಕೈಕಾಲು ಬಿದ್ದುಹೋದ ಸುದ್ದಿ ತಲಪುವುದಿಲ್ಲ.

2023ರಲ್ಲಿ ನಾವು ನ್ಯೂಜೆರ್ಸಿಯಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ತಂಗಿದ್ದೆವು. ನಮ್ಮ ಹಳೆಯ ಶಿಷ್ಯನೊಬ್ಬನು ಸಮೀಪದ ಊರಿನಲ್ಲಿರುವನೆಂದು ತಿಳಿದು ನೋಡಲು ಹೋದೆವು. ಹೆಸರು ಬೇಡ. ತರಗತಿಯಲ್ಲಿ ಅಮರಕೋಶವನ್ನು ಗಿಳಿಯಂತೆ ಒಪ್ಪಿಸುತ್ತಿದ್ದ ಹುಡುಗ. ಈಗ ಪಾರ್ಶ್ವವಾಯು ಬಡಿದು ಬಲಗೈ ನಿಶ್ಚೇಷ್ಟವಾಗಿತ್ತು, ನಾಲಗೆ ತೊದಲುತ್ತಿತ್ತು. ನೌಕರಿ ಹೋಗಿತ್ತು. ಆ ದೇಶದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯವರು ಅವನಿಗೆ ಅಂಗವೈಕಲ್ಯ ವೇತನವನ್ನು ಮಂಜೂರು ಮಾಡಿದ್ದರು. ಅದು ಭಿಕ್ಷೆಯಲ್ಲ, ದುಡಿಯುತ್ತಿದ್ದಾಗ ಸಂಬಳದಿಂದ ಮುರಿದುಕೊಂಡ ತೆರಿಗೆಯ ಮೇಲೆ ಹುಟ್ಟಿದ ಹಕ್ಕು. ಆದರೆ ದೇಹ ಕೆಟ್ಟ ಮೊದಲ ಐದು ಪೂರ್ಣ ತಿಂಗಳುಗಳಿಗೆ ಆ ವೇತನ ಸಲ್ಲುವುದಿಲ್ಲ. ಅರ್ಜಿ ತೀರ್ಮಾನವಾಗುವುದಕ್ಕೆ ಇನ್ನೂ ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಸಂಸಾರವು ಕ್ರೆಡಿಟ್ ಕಾರ್ಡುಗಳ ಮೇಲೆ ನಡೆದಿತ್ತು. ಆಸ್ಪತ್ರೆಯ ಬಿಲ್ಲುಗಳು ಬೇರೆ. ಇವೆರಡರ ಮೇಲೆ, ಜೊತೆಯಲ್ಲಿ ಓದಿದ ಸ್ನೇಹಿತನಿಂದ ತಂದ ಕೈಸಾಲ.

ಅವನ ಮನೆಯಾಕೆ ನಮಗೆ ಕಾಫಿ ಕೊಟ್ಟು, ಸಣ್ಣ ದನಿಯಲ್ಲಿ, "ಮೇಷ್ಟ್ರೇ, ನೀವಾದರೂ ಹೇಳಿ. ಬಂದ ವೇತನವನ್ನೆಲ್ಲ ಕಾರ್ಡಿನವರಿಗೆ ಕಟ್ಟಿಬಿಡುತ್ತಾರೆ. ದುಡ್ಡು ಉಳಿಸಬೇಕೆಂದು ಮಾತ್ರೆಗಳನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಾರೆ" ಎಂದರು. ನಾವು ಅವನ ಮುಖ ನೋಡಿದೆವು. "ತಿಂದ ಋಣ ತೀರಿಸದಿದ್ದರೆ ನಮ್ಮಪ್ಪ ಏನೆನ್ನುತ್ತಿದ್ದರು, ಮೇಷ್ಟ್ರೇ?" ಎಂದನು.

ಅವನ ತಂದೆಯನ್ನು ನಾವು ಬಲ್ಲೆವು; ಋಣಕ್ಕೆ ಅಂಜುತ್ತಿದ್ದ ಮನುಷ್ಯ. ಆದರೆ ನಮ್ಮ ಶಾಸ್ತ್ರಕಾರರು ಈ ವಿಷಯದಲ್ಲಿ ಇಷ್ಟು ನಿಷ್ಠುರರಾಗಿರಲಿಲ್ಲ. ಮನುವು ಹದಿನೆಂಟು ವ್ಯವಹಾರಪದಗಳಲ್ಲಿ ಋಣಾದಾನವನ್ನೇ ಮೊದಲಿಟ್ಟನು, ನಿಜ. ಕೌಟಿಲ್ಯನಾದರೋ, ಕೆಲಸದ ಕಾಲದಲ್ಲಿ ಬೇಸಾಯಗಾರನನ್ನು ಸಾಲಕ್ಕಾಗಿ ಹಿಡಿಯಕೂಡದೆಂದು ವಿಧಿಸಿದನು. ಬದುಕಿನ ಬೇರನ್ನು ಕೀಳದೆ ಸಾಲವನ್ನು ವಸೂಲು ಮಾಡಬೇಕೆಂಬ ವಿವೇಕ ಹೊಸದಲ್ಲ. ಇದನ್ನು ಅವನಿಗೆ ಹೇಳಿ, "ಮೊದಲು ಮಾತ್ರೆ ನುಂಗು, ಋಣದ ಮಾತು ಆಮೇಲೆ" ಎಂದೆವು. ಮರುವಾರ ಅವನು ದಿವಾಳಿಯ ವಕೀಲರೊಬ್ಬರನ್ನು ಕಾಣಲು ಒಪ್ಪಿದನು; ಜೊತೆಗೆ ನಾವೂ ಹೋದೆವು.

ಆ ವಕೀಲರು ನಡುವಯಸ್ಸಿನ ಹೆಂಗಸು. ಅವರು ತಿಳಿಸಿದ್ದನ್ನೂ ಅನಂತರ ನಾವು ಓದಿ ತಿಳಿದದ್ದನ್ನೂ ಕೂಡಿಸಿ ಹೇಳುವೆವು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಕಾಲದಲ್ಲಿ ಸೋಷಿಯಲ್ ಸೆಕ್ಯುರಿಟಿ ಶಾಸನವಾಯಿತು. ದುಡಿದವರ ಅಂಗವೈಕಲ್ಯ ವಿಮೆ ಅದಕ್ಕೆ ಸೇರಿದ್ದು 1956ರಲ್ಲಿ. ಅದರ 207ನೆಯ ವಿಧಿಯ ತಾತ್ಪರ್ಯವೇನೆಂದರೆ, ಈ ವೇತನವನ್ನು ಜಪ್ತಿ ಮಾಡುವಂತಿಲ್ಲ, ದಿವಾಳಿ ಕಾನೂನಿನ ಹಿಡಿತಕ್ಕೂ ಅದು ಒಳಪಡದು. ಬ್ಯಾಂಕಿಗೆ ಸೇರಿದ ಮೇಲೆ ಈ ರಕ್ಷೆ ಕಳಚುವುದೋ ಎಂಬ ಪ್ರಶ್ನೆ ನ್ಯೂಜೆರ್ಸಿಯಲ್ಲಿಯೇ ಎದ್ದಿತು. ಎಸೆಕ್ಸ್ ಕೌಂಟಿಯ ಕಲ್ಯಾಣ ಮಂಡಳಿಯವರು, ತಾವು ಹಿಂದೆ ಕೊಟ್ಟಿದ್ದ ಸಹಾಯಧನಕ್ಕೆ ಬದಲಾಗಿ, ಒಬ್ಬ ಅಂಗವಿಕಲನ ಹೆಸರಿನಲ್ಲಿ ಠೇವಣಿಯಿದ್ದ 1,864 ಡಾಲರು 20 ಸೆಂಟುಗಳ ಬಾಕಿ ವೇತನದ ಮೇಲೆ ಕೈಯಿಟ್ಟರು. 1973ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಆ ಕೈಯನ್ನು ತೆಗೆಸಿತು. ಸಾಮಾನ್ಯ ಸಾಲಿಗರಿಗೆ ಇಲ್ಲದ ಸಮಾಧಾನ ಇದು: ಏಳನೆಯ ಅಧ್ಯಾಯದಂತೆ ದಿವಾಳಿಯರ್ಜಿ ಹಾಕಿದವನ ವಿನಾಯಿತಿಯಿಲ್ಲದ ಸೊತ್ತನ್ನು ಟ್ರಸ್ಟಿಯು ಮಾರಿ ಹಂಚಬಹುದು, ಈ ಹಣವನ್ನು ಹಂಚುವಂತಿಲ್ಲ.

ನಮ್ಮಲ್ಲಿಯೂ ಈ ತತ್ತ್ವ ಅಪರಿಚಿತವಲ್ಲ. 1923ರ ಕಾರ್ಮಿಕ ಪರಿಹಾರದ ಕಾಯ್ದೆಯು, ಕೈಯೋ ಕಾಲೋ ಕಳೆದುಕೊಂಡ ಕೂಲಿಯವನ ಪರಿಹಾರಧನವನ್ನು ಜಪ್ತಿಯಿಂದ ಹೊರಗಿರಿಸಿತ್ತು. ನಮ್ಮಂಥ ಪಿಂಚಣಿದಾರರಿಗೆ 1871ರ ಕಾಯ್ದೆಯೇ ನೆರಳು ಕೊಟ್ಟಿದೆ.

ಇಷ್ಟನ್ನು ಕೇಳಿ ಶಿಷ್ಯನಿಗೆ ಧೈರ್ಯ ಬಂದಿತೆನ್ನುವಷ್ಟರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಬಾಕಿ ವೇತನ ಒಟ್ಟಾಗಿ ಬಂದ ಮೊತ್ತವನ್ನು ಬ್ಯಾಂಕಿನಿಂದ ತೆಗೆದು ಭಾವಮೈದುನನ ಖಾತೆಯಲ್ಲಿಟ್ಟುಬಿಡೆಂದು ಯಾರೋ ಹಿತೈಷಿಗಳು ಬೋಧಿಸಿದ್ದರು. ಅವನು ಅರ್ಧ ಒಪ್ಪಿಯೂ ಇದ್ದನು. ವಕೀಲರು ಪೆನ್ನನ್ನು ಮೇಜಿನ ಮೇಲಿಟ್ಟು ಅವನನ್ನೇ ನೋಡಿದರು. "ನಿಮ್ಮದಾಗಿಯೇ ಇರುವ ಹಣವನ್ನು ಕದ್ದ ಮಾಲಿನಂತೆ ಏಕೆ ಬಚ್ಚಿಡುವಿರಿ?" ಎಂದು ಕೇಳಿದರು. ದಿವಾಳಿಯರ್ಜಿಯಲ್ಲಿ ಸೊತ್ತು, ವರಮಾನ, ಸಾಲಗಳೆಲ್ಲವನ್ನೂ ಪ್ರಮಾಣಪೂರ್ವಕವಾಗಿ ಬರೆಯಬೇಕು. ಬಚ್ಚಿಟ್ಟದ್ದು ಗೊತ್ತಾದರೆ ಸಾಲ ಮನ್ನಾ ಆಗುವುದೇ ನಿಲ್ಲಬಹುದು, ಶಿಕ್ಷೆಯೂ ಒದಗಬಹುದು. ಬರೆದು ತೋರಿಸಿ, ಇದು 207ನೆಯ ವಿಧಿಯ ಹಣವೆಂದು ಹೇಳಿದರೆ ಯಾರೂ ಮುಟ್ಟರು. ಹಿತೈಷಿಗಳ ಬುದ್ಧಿವಾದದಲ್ಲಿ ಇಷ್ಟು ಅಪಾಯವಿರುವುದನ್ನು ನಾವು ಬೇರೆಡೆ ಕಂಡಿಲ್ಲ. ಮದುವೆ ಮಾತುಕತೆಯೊಂದನ್ನು ಬಿಟ್ಟರೆ.

ಎರಡನೆಯ ಎಚ್ಚರಿಕೆ ಖಾತೆಯದು. ಅವನ ವೇತನವೂ ಹೆಂಡತಿಯ ಸಂಬಳವೂ ಒಂದೇ ಖಾತೆಗೆ ಬೀಳುತ್ತಿದ್ದವು. ಹಾಲಿಗೆ ನೀರು ಬೆರೆತ ಮೇಲೆ ಬೇರ್ಪಡಿಸಲು ಹಂಸವೇ ಬರಬೇಕು. ಹಂಸಕ್ಕೆ ಗಂಟೆಯ ಲೆಕ್ಕದಲ್ಲಿ ಫೀಜು. 2011ರಿಂದೀಚೆಗೆ, ಜಪ್ತಿಯಾಜ್ಞೆ ಬಂದಾಗ ಬ್ಯಾಂಕಿನವರೇ ಹಿಂದಣ ಎರಡು ತಿಂಗಳ ಲೆಕ್ಕ ನೋಡಿ, ನೇರವಾಗಿ ಜಮೆಯಾದ ಇಂಥ ವೇತನದಷ್ಟನ್ನು ಬಿಟ್ಟುಬಿಡಬೇಕೆಂಬ ನಿಯಮವಿದೆ. ಅದಕ್ಕೆ ಮೀರಿದ ಉಳಿತಾಯಕ್ಕೆ ಸಾಲಿಗನೇ ಸಾಕ್ಷ್ಯ ಒದಗಿಸಬೇಕು. ಆದುದರಿಂದ ವೇತನಕ್ಕೇ ಪ್ರತ್ಯೇಕ ಖಾತೆಯೊಂದನ್ನು ತೆರೆದು ಬೇರೆ ಒಂದು ಕಾಸನ್ನೂ ಅದಕ್ಕೆ ಸೇರಿಸಬಾರದು; ಮಂಜೂರಾತಿಯ ಪತ್ರವನ್ನೂ ಬ್ಯಾಂಕಿನ ಲೆಕ್ಕಪಟ್ಟಿಗಳನ್ನೂ ಜೋಪಾನ ಮಾಡಬೇಕು. ಆ ಹಣದಿಂದ ಚಿನ್ನವನ್ನೋ ಕಾರನ್ನೋ ಕೊಂಡ ಮೇಲೆ ಅದೇ ರಕ್ಷೆ ಉಳಿಯುವುದೆಂದು ನಂಬಿ ಕೂರುವಂತಿಲ್ಲ.

2005ರ ತಿದ್ದುಪಡಿಯ ಮೇಲೆ ಏಳನೆಯ ಅಧ್ಯಾಯಕ್ಕೆ ವರಮಾನದ ಪರೀಕ್ಷೆಯೊಂದಿದೆ. ಆ ಲೆಕ್ಕದಿಂದ ಸೋಷಿಯಲ್ ಸೆಕ್ಯುರಿಟಿ ವೇತನವನ್ನು ಕಳೆಯುವರು. ಹೆಂಡತಿಯ ಸಂಬಳವೊಂದೇ ಉಳಿದದ್ದರಿಂದ ಶಿಷ್ಯನು ಸುಲಭವಾಗಿ ತೇರ್ಗಡೆಯಾದನು. ಸೈನ್ಯದಲ್ಲಿ ಗಾಯಗೊಂಡವರ ಅಂಗವೈಕಲ್ಯ ಭತ್ಯಕ್ಕೆ ಈ ಉಪಕಾರ ದೊರೆತದ್ದು 2019ರಲ್ಲಿ ಮಾತ್ರ. ಖಾಸಗಿ ವಿಮಾ ಕಂಪೆನಿಗಳು ಕೊಡುವ ಅಂಗವೈಕಲ್ಯದ ಹಣದ ಮಾತು ಬೇರೆ. ಅದರ ವಿನಾಯಿತಿ ಒಂದೊಂದು ಸಂಸ್ಥಾನದಲ್ಲಿ ಒಂದೊಂದು ಬಗೆ. ಹಾಗೆಯೇ 207ನೆಯ ವಿಧಿಯ ಗೋಡೆಯಲ್ಲಿ ಬಾಗಿಲುಗಳೂ ಇವೆ: ಮಕ್ಕಳ ಮತ್ತು ವಿಚ್ಛೇದಿತ ಪತ್ನಿಯ ಜೀವನಾಂಶ, ಕೇಂದ್ರ ಸರ್ಕಾರದ ತೆರಿಗೆಬಾಕಿ, ಅದೇ ಸರ್ಕಾರದ ವಿದ್ಯಾರ್ಥಿಸಾಲ. ಮಕ್ಕಳ ಅನ್ನಕ್ಕೆ ಬಾಗಿಲು ತೆರೆದದ್ದು ನಮಗೆ ಸರಿಯೆನಿಸಿತು. ವಿದ್ಯೆಯ ಸಾಲಕ್ಕೆ ಅಂಗವಿಕಲನ ವೇತನವನ್ನು ಮುರಿಯುವುದು, ಮೇಷ್ಟರಾದ ನಮಗೆ, ಸರಿಯೆನಿಸಲಿಲ್ಲ.

ಅರ್ಜಿ ತುಂಬುವಾಗ ಶಿಷ್ಯನ ಕೈ ನಿಂತದ್ದು ಒಂದೇ ಕಡೆ. ಸಾಲ ಕೊಟ್ಟವರ ಪಟ್ಟಿಯಲ್ಲಿ ಸ್ನೇಹಿತನ ಹೆಸರನ್ನೂ ಬರೆಯಬೇಕಾಗಿತ್ತು, ಯಾರನ್ನೂ ಬಿಡುವಂತಿಲ್ಲ. "ಇವನನ್ನು ಆ ಕಂಪೆನಿಗಳ ಸಾಲಿನಲ್ಲಿ ಹೇಗೆ ಬರೆಯಲಿ?" ಎಂದು ಬಹಳ ಹೊತ್ತು ಸುಮ್ಮನೆ ಕುಳಿತನು. ವಕೀಲರು ಅವಸರಪಡಿಸಲಿಲ್ಲ. ಮನ್ನಾ ಆದ ಸಾಲವನ್ನು ಯಾರೂ ಕೇಳುವಂತಿಲ್ಲ, ಆದರೆ ಸಾಲಿಗನು ತಾನಾಗಿ ಕೊಟ್ಟರೆ ಕಾನೂನು ಅಡ್ಡ ಬರುವುದಿಲ್ಲ ಎಂದು ತಿಳಿಸಿದರು. ಆಗ ಬರೆದನು.

2024ರ ಮೊದಲಲ್ಲಿ ಸಾಲಗಳು ಮನ್ನಾ ಆದವೆಂದು ಅವನ ಮನೆಯಾಕೆ ನಮಗೆ ಫೋನಿನಲ್ಲಿ ತಿಳಿಸಿದರು. ಟ್ರಸ್ಟಿಯು ಆ ಪ್ರತ್ಯೇಕ ಖಾತೆಯ ಪಟ್ಟಿಯನ್ನು ನೋಡಿ, ಒಂದೆರಡು ಪ್ರಶ್ನೆ ಕೇಳಿ, ಹಿಂದಿರುಗಿಸಿದನಂತೆ. ಮಾತ್ರೆಗಳು ಈಗ ದಿನವೂ ನಡೆಯುತ್ತಿವೆ. ತಿಂಗಳ ಖರ್ಚು ಕಳೆದು ಉಳಿದದ್ದರಲ್ಲಿ ಐವತ್ತು ಡಾಲರಿನ ಚೆಕ್ಕೊಂದನ್ನು ಶಿಷ್ಯನು ಎಡಗೈಯಲ್ಲಿ ಬರೆದು ಆ ಸ್ನೇಹಿತನಿಗೆ ಕಳಿಸುತ್ತಾನೆ. ಮೊದಲ ಎರಡನ್ನು ಅವನು ಬ್ಯಾಂಕಿಗೆ ಹಾಕದೆ ಇಟ್ಟುಕೊಂಡಿದ್ದನು, ಮೂರನೆಯದರಿಂದ ಹಾಕುತ್ತಿದ್ದಾನೆ.