ಎರಡು ಹೆಸರಿನ ತಾತ

ಗುಬ್ಬಿಯ ಆ ಮನೆಯ ಟ್ರಂಕಿನಲ್ಲಿ ಕ್ರಯಪತ್ರ, ಕಂದಾಯದ ರಸೀದಿ, ಮಾಸಿದ ಜಾತಕ ಎಲ್ಲವೂ ಇತ್ತು. ತಾತ ಹುಟ್ಟಿದ ಹಳ್ಳಿ ಯಾವುದೆಂಬುದು ಮಾತ್ರ ಎಲ್ಲೂ ಇರಲಿಲ್ಲ. ಹತ್ತು ವರ್ಷದವರಿದ್ದಾಗ ಕುಣಿಗಲ್ ಕಡೆಯಿಂದ ದತ್ತು ಬಂದವರು ಎಂದಷ್ಟೇ ಗೊತ್ತು. ಹಾಸಿಗೆ ಹಿಡಿದಿದ್ದ ಅಜ್ಜಿಗೆ ಒಂದೇ ಹಂಬಲ: ಅವರ ಒಡಹುಟ್ಟಿದವರ ಮನೆಯವರನ್ನು ಒಮ್ಮೆ ನೋಡಬೇಕು. ಮಗ ಕುಣಿಗಲ್ಲಿಗೆ ಎರಡು ಸಲ ಹೋಗಿ, ಹಳೆಯ ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿ, ಬರಿಗೈಯಲ್ಲಿ ಮರಳಿದ್ದರು. ಆ ಹೆಸರಿನ ಹುಡುಗನೇ ಅಲ್ಲಿರಲಿಲ್ಲ.

ದಾರಿ ತೋರಿಸಿದ್ದು ಮೀನು! ತುಮಕೂರಿನ ಕಾಲೇಜಿನಲ್ಲಿ ಓದುವ ಮೊಮ್ಮಗಳು ಪ್ರಾಣಿಶಾಸ್ತ್ರದ ರೆಕಾರ್ಡ್ ಬರೆಯುತ್ತಿದ್ದಳು. ಕೆರೆಗಳಲ್ಲಿ ಸಾಕುವ ಕಾಟ್ಲಾ, ರೋಹು, ಮೃಗಾಲ್ ಮೂರರ ವೈಜ್ಞಾನಿಕ ಹೆಸರಿನ ಮುಂದೆಯೂ ‘ಹ್ಯಾಮಿಲ್ಟನ್, 1822’ ಎಂದಿತ್ತು. ಯಾರೀತ ಎಂದು ಲೈಬ್ರರಿಯಲ್ಲಿ ಹುಡುಕಿದರೆ ಸಿಕ್ಕಿದ್ದು ಫ್ರಾನ್ಸಿಸ್ ಬುಕಾನನ್. 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಸೇರಿದವನು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ. ಮಣ್ಣು, ಬೆಳೆ, ಮಗ್ಗ, ಸಂತೆ, ಏನನ್ನೂ ಬಿಡದೆ ಬರೆದುಕೊಂಡ. ಗುಬ್ಬಿಯ ಸಂತೆಗೆ ದೂರದೂರದ ವರ್ತಕರು ಬರುತ್ತಿದ್ದುದೂ ಅದರಲ್ಲಿದೆ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು.

1815ರಲ್ಲಿ ಆತ ತಾಯ್ನಾಡಿಗೆ ಮರಳಿದ. ತಾಯಿಯ ಕಡೆಯ ಆಸ್ತಿ ಕೈಸೇರಿದಾಗ ಆ ಮನೆತನದ ಹ್ಯಾಮಿಲ್ಟನ್ ಹೆಸರನ್ನೇ ಇಟ್ಟುಕೊಂಡ. ಗಂಗಾನದಿಯ ಮೀನುಗಳ ಪುಸ್ತಕ 1822ರಲ್ಲಿ ಹೊರಬಂದದ್ದು ಹೊಸ ಹೆಸರಿನಲ್ಲಿ. ಹೀಗಾಗಿ ಚರಿತ್ರೆ ಓದುವವರಿಗೆ ಆತ ಬುಕಾನನ್, ಮೀನು ಓದುವವರಿಗೆ ಹ್ಯಾಮಿಲ್ಟನ್. ಸಸ್ಯಶಾಸ್ತ್ರದವರೇ ಜಾಣರು, ಎರಡನ್ನೂ ಜೋಡಿಸಿ ಬುಕಾನನ್-ಹ್ಯಾಮಿಲ್ಟನ್ ಎನ್ನುತ್ತಾರೆ.

ಆ ಶನಿವಾರ ಊರಿಗೆ ಬಂದವಳೇ ಅಜ್ಜಿಯ ಪಕ್ಕ ಕೂತಳು.

“ಅಜ್ಜೀ, ತಾತನಿಗೆ ಮೊದಲು ಬೇರೆ ಹೆಸರಿತ್ತಾ?”

“ಇರದೆ ಏನೇ? ದತ್ತು ತಗೊಂಡಾಗ ಈ ಮನೆ ಹಿರೀಕರ ಹೆಸರು ಇಟ್ಟರು. ಹಳೇ ಹೆಸರು ಅವರೇ ಒಂದ್ಸಲ ಹೇಳಿದ್ದರು.”

“ಏನದು? ಯಾಕೆ ಇಷ್ಟು ದಿನ ಹೇಳಲಿಲ್ಲ?”

“ಗಂಡನ ಹೆಸರು ಬಾಯಲ್ಲಿ ಹೇಳ್ತಾರೇನೇ?”

ಆದರೂ ಪೆನ್ಸಿಲ್ ಇಸಿದುಕೊಂಡು, ರೆಕಾರ್ಡ್ ಪುಸ್ತಕದ ಹಿಂದಿನ ಹಾಳೆಯಲ್ಲಿ ನಡುಗುವ ಕೈಯಿಂದ ನಾಲ್ಕು ಅಕ್ಷರ ಬರೆದರು.

ಸೋಮವಾರ ಮಗ ತುಮಕೂರಿಗೆ ಹೋಗಿ ಕುಣಿಗಲ್ ಬಸ್ಸು ಹತ್ತಿದರು. ಎರಡು ಸಲ ತಿರುವಿಹಾಕಿದ್ದ ಅದೇ ಪುಸ್ತಕ. ಹುಡುಗ ಅದರಲ್ಲಿದ್ದ, ಹೆತ್ತ ತಂದೆಯ ಹೆಸರು, ಹಳ್ಳಿ ಎಲ್ಲ ಸಮೇತ.