ಸೌದಿಯ ಇಸ್ತ್ರಿಪೆಟ್ಟಿಗೆ, ಬೈಲಹೊಂಗಲದ ಕರೆಂಟು

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಬಂದು ಕಿತ್ತೂರಿನಲ್ಲಿ ಪೂರ್ವಕ್ಕೆ ತಿರುಗಿದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಒಂದರ ಹಿಂದೆ ಒಂದು ಸಿಗುತ್ತವೆ. ಕೋಟೆ, ಹತ್ತಿ, ಮಲಪ್ರಭೆ, ನೇಕಾರಿಕೆ ಎಂದು ಈ ಊರುಗಳ ಬಗ್ಗೆ ನೀವು ಕೇಳಿರುತ್ತೀರಿ. ಆದರೆ ದುಡಿಯಲು ಗಲ್ಫಿಗೆ ಹೋದವರಿರುವ ಮನೆಯೊಳಗೆ ಹೋಗಿ ನೋಡಿ. ಮಗನೋ ತಮ್ಮನೋ ರಜೆಯಲ್ಲಿ ಹೊತ್ತು ತಂದ ಇಸ್ತ್ರಿಪೆಟ್ಟಿಗೆ, ಮಿಕ್ಸರ್ ಕಪಾಟಿನಲ್ಲಿರುತ್ತವೆ. ಅದರ ಪಿನ್ನು ಮಾತ್ರ ನಮ್ಮ ಗೋಡೆಗೆ ಹೊಂದುವುದಿಲ್ಲ.

ಗಲ್ಫಿನ ಚೌಕ ಪಿನ್ನು ಬ್ರಿಟನ್ 1947ರಲ್ಲಿ ರೂಪಿಸಿದ್ದು. ನಮ್ಮ ದುಂಡು ಪಿನ್ನೂ ಬ್ರಿಟಿಷರದ್ದೇ, ಅದಕ್ಕಿಂತ ಹಳೆಯ ಮಾದರಿ. 1824ರಲ್ಲಿ ಅವರನ್ನು ಎದುರಿಸಿದ ಕಿತ್ತೂರಿನ ಗೋಡೆಗಳಲ್ಲೂ ಅದೇ ಇದೆ!

ಪಿನ್ನು ಬದಲಿಸುವುದು ಹತ್ತು ನಿಮಿಷದ ಕೆಲಸ. ಅಪಾಯ ಇರುವುದು ಬೇರೆ ಕಡೆ. ದುಬೈ, ಕತಾರ್, ಕುವೈತ್‌ಗಳ ಕರೆಂಟು ಹೆಚ್ಚುಕಡಿಮೆ ನಮ್ಮಂತೆಯೇ, 230 ವೋಲ್ಟ್ ಆಸುಪಾಸು, 50 ಹರ್ಟ್ಜ್. ಸೌದಿಯ ಕಥೆ ಬೇರೆ. ಅಲ್ಲಿನ ಮನೆಗಳಲ್ಲಿ ಬಹುಕಾಲ 127 ಮತ್ತು 220 ವೋಲ್ಟ್ ಎರಡೂ ಇದ್ದವು. ಹಂತಹಂತವಾಗಿ 230ಕ್ಕೆ ಬದಲಾಗಲು ಸರಕಾರ ತೀರ್ಮಾನಿಸಿದ್ದು 2010ರಲ್ಲಿ. ಹರ್ಟ್ಜ್ ಮಾತ್ರ ಈಗಲೂ 60.

ಆದ್ದರಿಂದ ಇಸ್ತ್ರಿಪೆಟ್ಟಿಗೆಯ ಹಿಂದಿನ ಚೀಟಿಯನ್ನು ಮೊದಲು ಓದಿ. 127 ಎಂದು ಮಾತ್ರ ಬರೆದಿದ್ದರೆ ಬೈಲಹೊಂಗಲದ ಕರೆಂಟಿಗೆ ಅದನ್ನು ನೇರವಾಗಿ ಹಾಕಬಾರದು. ಮೂರು ಪಟ್ಟಿಗೂ ಹೆಚ್ಚು ಶಾಖ ಹುಟ್ಟಿ ಒಳಗಿನ ತಂತಿ ಸುಡುತ್ತದೆ. ಸ್ಟೆಬಿಲೈಸರ್ ಇದೆಯಲ್ಲ ಎನ್ನುತ್ತೀರಾ? ಅದು ಏರಿಳಿತವನ್ನು ತಿದ್ದುತ್ತದೆಯೇ ಹೊರತು 230ನ್ನು 127 ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್. ಇಸ್ತ್ರಿಯಷ್ಟು ವ್ಯಾಟ್ ಹೊರುವಂಥದ್ದು ಭಾರ, ಬೆಲೆಯೂ ಹೆಚ್ಚು. ಹೊಸ ಇಸ್ತ್ರಿಯೇ ಅಗ್ಗ. ಮೊಬೈಲ್ ಚಾರ್ಜರಿನ ಮೇಲೆ 100-240 ಎಂದಿದ್ದರೆ ನಿಶ್ಚಿಂತೆ.

ಸೌದಿಯ ಫ್ರಿಜ್ ತರುವ ಆಸೆ ಬೇಡ. ವೋಲ್ಟ್ ಹೊಂದಿದರೂ 60 ಹರ್ಟ್ಜ್‌ಗೆ ಮಾತ್ರ ಮಾಡಿದ ಮೋಟಾರು ಇಲ್ಲಿ ಆರರಲ್ಲೊಂದು ಪಾಲು ನಿಧಾನವಾಗಿ ತಿರುಗಿ, ಹೆಚ್ಚು ಬಿಸಿಯಾಗುತ್ತದೆ. ಟ್ರಾನ್ಸ್‌ಫಾರ್ಮರ್ ಹರ್ಟ್ಜನ್ನು ಬದಲಿಸುವುದಿಲ್ಲ.

ಇನ್ನೊಂದು ಮಾತು ಅಡುಗೆಮನೆಯಲ್ಲಿ ಒದ್ದೆ ಕಾಲಿನಲ್ಲಿ ನಿಲ್ಲುವ ನಮಗೇ ಸೇರಿದ್ದು. ಚೌಕ ಪಿನ್ನು ಕತ್ತರಿಸುವಾಗ ಅದರೊಳಗಿನ ಫ್ಯೂಸೂ ಹೋಗುತ್ತದೆ. ಮೆಕ್ಯಾನಿಕ್ ಎರಡೇ ತಂತಿ ಜೋಡಿಸಿ ಹಸಿರು-ಹಳದಿ ತಂತಿಯನ್ನು ಮಡಚಿಟ್ಟರೆ ಒಪ್ಪಬೇಡಿ. ಒಳಗೆ ಕರೆಂಟು ಸೋರಿ ಲೋಹದ ಮೈಗೆ ತಾಗಿದಾಗ ಅದನ್ನು ನೆಲಕ್ಕೆ ಒಯ್ಯುವ ದಾರಿ ಅದೊಂದೇ. ಆ ದಾರಿ ಇಲ್ಲದಿದ್ದರೆ ಅದು ನಿಮ್ಮ ಅಥವಾ ಮಗುವಿನ ಮೈಯ ಮೂಲಕ ಹಾದುಹೋಗುತ್ತದೆ. ಮನೆಗೆ ಅರ್ಥಿಂಗ್ ಇದೆಯೇ ಎಂದೂ ಕೇಳಿ. ಬೈಲಹೊಂಗಲದ ಎರೆನೆಲ ಬಿರುಕು ಬಿಡುವ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಆಗಾಗ ಒಂದು ಕೊಡ ನೀರು ಹೊಯ್ಯಬೇಕು. ಸವದತ್ತಿ ಗುಡ್ಡದ ಬಂಡೆನೆಲದಲ್ಲಿ ಅರ್ಥಿಂಗ್ ಮಾಡಿಸುವುದೇ ಕಷ್ಟ. ಅಲ್ಲಿ ಸೋರಿಕೆಯಾದರೆ ತಾನೇ ಬಂದ್ ಆಗುವ ಬ್ರೇಕರ್ ಹಾಕಿಸುವುದು ಜಾಣತನ.

ಹೋಗುವವರಿಗೂ ಇದೇ ಲೆಕ್ಕ. ರಾಮದುರ್ಗದಿಂದ ಗಂಡನೊಡನೆ ಜಿದ್ದಾಕ್ಕೆ ಹೊರಟ ಹುಡುಗಿ ಶೇಂಗಾ ಚಟ್ನಿಗೆಂದು ತವರಿನ ಮಿಕ್ಸರನ್ನೇ ಒಯ್ಯಬಯಸುತ್ತಾಳೆ. ಮಿಕ್ಸರಿನದು ಬ್ರಶ್ ಇರುವ ಮೋಟಾರು, 60 ಹರ್ಟ್ಜ್ ಅದಕ್ಕೆ ತೊಡಕಲ್ಲ. ಆದರೆ 127ರ ಸಾಕೆಟ್ಟಿಗೆ ಹಾಕಿದರೆ ಶೇಂಗಾ ಅರೆಯುವಷ್ಟು ಬಲ ಅದಕ್ಕೆ ಬರುವುದಿಲ್ಲ. ಆ ಮನೆಯ ಅಡುಗೆಕೋಣೆಯಲ್ಲಿ 220 ಇದೆಯೇ ಎಂದು ಫೋನಿನಲ್ಲಿ ಕೇಳಿಕೊಂಡು, ಆಮೇಲೆ ಪೆಟ್ಟಿಗೆ ಕಟ್ಟಲಿ.